ಒಂದು ದಿನದ ತಡೆ: ಬಿ. ಡಿ. ಜತ್ತಿಯವರ ಬಾಳಿನ ಲೆಕ್ಕ

ಅಮೇರಿಕೆಯ ಮಾಜಿ ರಾಷ್ಟ್ರಾಧ್ಯಕ್ಷ ಜಿಮ್ಮಿ ಕಾರ್ಟರ್ ನೂರು ವರ್ಷ ತುಂಬಿದ ಬಳಿಕ, 2024ರ ಡಿಸೆಂಬರ್ 29ರಂದು ನಿಧನರಾದರು. ಶೇಂಗಾ ವ್ಯವಹಾರದಿಂದ ರಾಜಕಾರಣಕ್ಕೆ ಬಂದ ಈ ಪುರುಷರನ್ನು ಕುರಿತ ಬಹುಪಾಲು ಲೇಖನಗಳ ಸಾರ ಒಂದೇ: ಗದ್ದುಗೆಯ ಮೇಲೆ ಸೋತವರು, ಗದ್ದುಗೆ ಇಳಿದು ಗೆದ್ದವರು. 1977ರಿಂದ 1981ರವರೆಗಿನ ನಾಲ್ಕು ವರ್ಷ ತಕ್ಕಡಿಯ ಒಂದು ತಟ್ಟೆಯಲ್ಲಿ, ಮುಂದಿನ ನಾಲ್ಕು ದಶಕಗಳ ಸೇವೆ ಇನ್ನೊಂದರಲ್ಲಿ. ಅವರ ಸಂಸ್ಥೆಯ ಮುಂದಾಳುತನದಲ್ಲಿ 1986ರಲ್ಲಿ ಸುಮಾರು 35 ಲಕ್ಷ ಜನರನ್ನು ಕಾಡುತ್ತಿದ್ದ ನಾರುಹುಣ್ಣು 2023ರಲ್ಲಿ 14 ಜನರಿಗಷ್ಟೇ ಉಳಿಯಿತು. ಅದಕ್ಕೆ ಬಳಸಿದ ಮುಖ್ಯ ಸಾಧನ ನೀರು ಸೋಸುವ ಬಟ್ಟೆ ಎಂಬುದು ಜೈನ ಗೃಹಿಣಿಯರಿಗೆ ಮುಗುಳ್ನಗೆ ತರಿಸೀತು.

ಆದರೆ ಬಾಳನ್ನು ಹೀಗೆ ಎರಡು ಹೋಳು ಮಾಡಿ ತೂಗುವುದು ಎಷ್ಟು ನ್ಯಾಯ? ಖಾತೆಪುಸ್ತಕದಲ್ಲಿ ಎರಡು ವರ್ಷಗಳ ಬಾಕಿ ಬೇರೆಬೇರೆ ಇರಬಹುದು, ಆಸಾಮಿ ಒಬ್ಬನೇ. ಈ ಮಾತನ್ನು ಪರೀಕ್ಷಿಸಲು ದೂರದ ದೇಶಕ್ಕೆ ಹೋಗಬೇಕಿಲ್ಲ. ಕಾರ್ಟರ್ ಅಧಿಕಾರ ಸ್ವೀಕರಿಸಿದ 22 ದಿನಗಳ ಅನಂತರ, 1977ರ ಫೆಬ್ರವರಿ 11ರಂದು, ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಸಪ್ಪ ದಾನಪ್ಪ ಜತ್ತಿಯವರು ಭಾರತದ ಹಂಗಾಮಿ ರಾಷ್ಟ್ರಪತಿಗಳಾದರು. ಫಕ್ರುದ್ದೀನ್ ಅಲಿ ಅಹಮದ್ ಅವರ ಮರಣದಿಂದ ಉಪರಾಷ್ಟ್ರಪತಿಗಳ ಹೆಗಲಿಗೇರಿದ ಆ ಹೊಣೆ ಜುಲೈ 25ರವರೆಗೆ ಇತ್ತು. ಜತ್ತಿಯವರು 2002ರ ಜೂನ್ 7ರಂದು ತೊಂಬತ್ತರ ಅಂಚಿನಲ್ಲಿ ತೀರಿಕೊಂಡರು. ಪುರಸಭೆಯಿಂದ ರಾಷ್ಟ್ರಪತಿ ಭವನದವರೆಗೆ ಎಂಬ ಹೊಗಳಿಕೆಯ ಆಚೆಗೆ ಅವರ ವಿಮರ್ಶೆ ನಡೆದದ್ದು ಕಡಿಮೆ.

ಅವರ ಆತ್ಮಕಥೆ 1993ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಅದರ ಶೀರ್ಷಿಕೆಯ ಅರ್ಥ ‘ನನಗೆ ನಾನೇ ಮಾದರಿ’. ಈ ಮಾತಿನಲ್ಲಿ ಸ್ವಾವಲಂಬನೆಯೂ ಇದೆ, ಮಾನಕಷಾಯದ ಎಳೆಯೂ ಇದೆ. ಯಾವುದು ಎಷ್ಟು ಎಂಬುದನ್ನು ಅವರ ನಡೆಯೇ ಹೇಳಬೇಕು.

ಮೊದಲು ಭೂಮಿಯ ಪ್ರಶ್ನೆ. ಬೆಣ್ಣೆಹಳ್ಳದ ದಂಡೆಯ ಯಮನೂರು 1956ರ ನವೆಂಬರ್ 1ರಂದು ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದಿತು. ಆದರೆ ಅಲ್ಲಿ ಲಾವಣಿಗೆ ಹೊಲ ಹಿಡಿದ ರೈತನಿಗೆ ಅನ್ವಯಿಸುತ್ತಿದ್ದುದು ಮುಂಬಯಿಯ 1948ರ ಕಾಯಿದೆ. ಹೈದರಾಬಾದಿನಿಂದ ಬಂದ ಭಾಗಕ್ಕೊಂದು, ಹಳೆಯ ಮೈಸೂರಿಗೊಂದು ಬೇರೆ ಕಾಯಿದೆ. ಇವುಗಳನ್ನು ಒಂದುಗೂಡಿಸಲು ನೇಮಿಸಿದ ಸಮಿತಿಗೆ ಜತ್ತಿಯವರೇ ಅಧ್ಯಕ್ಷರು. ಅದರ ಫಲವಾದ 1961ರ ಭೂಸುಧಾರಣಾ ಕಾಯಿದೆ ಅವರು ಮುಖ್ಯಮಂತ್ರಿಗಳಾಗಿದ್ದ ಕಾಲದ್ದು. ಜಾರಿಗೆ ಬಂದದ್ದು 1965ರಲ್ಲಿ. ಸ್ವಂತ ಸಾಗುವಳಿಯ ಹೆಸರಿನಲ್ಲಿ ಭೂಮಿ ಮರಳಿ ಪಡೆಯಲು ಅದು ಒಡೆಯರಿಗೆ ದಾರಿ ಬಿಟ್ಟಿತು. ಆ ದಾರಿಯನ್ನು ಮುಚ್ಚಿದ್ದು ಅರಸು ಅವರ 1974ರ ತಿದ್ದುಪಡಿ. ನಡುವಿನ ವರ್ಷಗಳಲ್ಲಿ ಹೊಲ ಬಿಟ್ಟವರ ಪಾಲಿಗೆ ಜತ್ತಿಯವರ ಸಾತ್ವಿಕತೆ ಉಪಯೋಗಕ್ಕೆ ಬರಲಿಲ್ಲ. ಸದ್ಗುಣಿಯ ಕೈಯಿಂದಲೂ ಸಡಿಲ ಕಾಯಿದೆ ಹೊರಡಬಲ್ಲದು.

ಇನ್ನು 1977. ಮಾರ್ಚ್ 21ರಂದು ಆಂತರಿಕ ತುರ್ತು ಪರಿಸ್ಥಿತಿ ರದ್ದಾದಾಗಲೂ, 24ರಂದು ಮೊರಾರ್ಜಿ ದೇಸಾಯಿ ಪ್ರಮಾಣವಚನ ಸ್ವೀಕರಿಸಿದಾಗಲೂ ಆ ಪೀಠದಲ್ಲಿದ್ದವರು ಇವರೇ. ಏಪ್ರಿಲ್‌ನಲ್ಲಿ ಹೊಸ ಸರಕಾರ ಕಾಂಗ್ರೆಸ್ ಆಡಳಿತದ ಒಂಬತ್ತು ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ಜತ್ತಿಯವರು ಹಿಂದೆ ರಾಜ್ಯಪಾಲರಾಗಿದ್ದ ಒರಿಸ್ಸಾವೂ ಆ ಪಟ್ಟಿಯಲ್ಲಿತ್ತು. ರಾಜ್ಯಗಳ ದಾವೆಯನ್ನು ಸರ್ವೋಚ್ಚ ನ್ಯಾಯಾಲಯ 29ರಂದು ತಳ್ಳಿಹಾಕಿತು. ಮಂತ್ರಿಮಂಡಲದ ಸಲಹೆ ಮುಂದಿದ್ದರೂ ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ, 30ರಂದು ಹಾಕಿದರು.

ಆ ಒಂದು ದಿನಕ್ಕೆ ಅವರು ಕೇಳಿದ ನಿಂದೆ ಸಣ್ಣದಲ್ಲ. ಹಳೆಯ ಪಕ್ಷದ ಋಣವೆಂದರು ಕೆಲವರು. ಆ ಶಂಕೆಯನ್ನು ಪೂರ್ತಿ ನಿರಾಧಾರವೆನ್ನಲಾಗದು. ಅವರು ಬಾಳಿದ್ದು ಅದೇ ಪಕ್ಷದಲ್ಲಿ. ಕಾಯಿದೆಯ ದೃಷ್ಟಿಯಿಂದಲೂ ಅವರಿಗೆ ನೆಲೆ ಇರಲಿಲ್ಲ: 1976ರ 42ನೆಯ ತಿದ್ದುಪಡಿ ರಾಷ್ಟ್ರಪತಿಗಳನ್ನು ಸಂಪುಟದ ಸಲಹೆಗೆ ಸಂಪೂರ್ಣ ಕಟ್ಟಿಹಾಕಿತ್ತು. ಇಷ್ಟನ್ನು ಒಪ್ಪಿಯೂ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಮರುವರ್ಷವೇ ಅದೇ ಜನತಾ ಸರಕಾರ ತಂದ 44ನೆಯ ತಿದ್ದುಪಡಿ, ಸಲಹೆಯನ್ನು ಒಮ್ಮೆ ಮರುಪರಿಶೀಲನೆಗೆ ಕಳುಹಿಸುವ ಅಧಿಕಾರವನ್ನು ರಾಷ್ಟ್ರಪತಿಗಳಿಗೆ ಕೊಟ್ಟಿತು. 1997ರಲ್ಲಿ ಉತ್ತರ ಪ್ರದೇಶದ ವಿಷಯದಲ್ಲಿಯೂ 1998ರಲ್ಲಿ ಬಿಹಾರದ ವಿಷಯದಲ್ಲಿಯೂ ಕೆ. ಆರ್. ನಾರಾಯಣನ್ ಆ ಅಧಿಕಾರವನ್ನು ಬಳಸಿ ಪ್ರಶಂಸೆ ಪಡೆದರು. ಜತ್ತಿಯವರಲ್ಲಿ ದೋಷವೆನಿಸಿದ ತಡೆ ಇಪ್ಪತ್ತು ವರ್ಷಗಳಲ್ಲಿ ಗುಣವಾಯಿತು. ನಡುವೆ ಬದಲಾದದ್ದು ಕಾಯಿದೆಯ ಒಂದು ವಾಕ್ಯ.

ಜತ್ತಿಯವರ ನಿಜವಾದ ಕೊರತೆ ಬೇರೆಡೆ ಇದೆ. ಮನಸ್ಸು ಹಿಂಜರಿದುದು ಸತ್ಯವಾದರೆ, ಅದರ ಕಾರಣವನ್ನು ರಾಷ್ಟ್ರದ ಮುಂದೆ ಸ್ಪಷ್ಟವಾಗಿ ಇಟ್ಟು ಸಹಿ ಹಾಕಬಹುದಿತ್ತು, ಇಲ್ಲವೆ ಪೀಠ ಬಿಡಬಹುದಿತ್ತು. ಬರಿಯ ವಿಳಂಬ ಎರಡೂ ಅಲ್ಲ. ತನಗೆ ತಾನೇ ಮಾದರಿಯೆಂದವರಿಂದ ಇಷ್ಟನ್ನು ನಿರೀಕ್ಷಿಸುವುದು ಕಠಿಣವೆನಿಸಲಾರದು.

ಅವರ ಉತ್ತರಾರ್ಧದ ಕೀರ್ತಿಗೆ ಆಧಾರವಾದ ಬಸವ ಸಮಿತಿಯನ್ನು ನಿವೃತ್ತಿಯ ಫಲವೆಂದು ಭಾವಿಸುವವರಿದ್ದಾರೆ. ಅದು ಸ್ಥಾಪನೆಯಾದದ್ದು 1964ರಲ್ಲಿ; ಮುಖ್ಯಮಂತ್ರಿ ಪದವಿ ಕಳೆದುಕೊಂಡು, ಮತ್ತೊಬ್ಬರ ಕೈಕೆಳಗೆ ಸಚಿವರಾಗಲು ಒಪ್ಪಿದ ವರ್ಷಗಳಲ್ಲಿ. ಜಮಖಂಡಿ ಸಂಸ್ಥಾನ 1948ರಲ್ಲಿ ವಿಲೀನವಾದಾಗಲೂ ಅವರು ಮಂತ್ರಿಪದವಿಯಿಂದ ವಕೀಲಿಗೆ ಮರಳಿದ್ದರು. ಇಳಿಯುವುದನ್ನು ಅವರು ಮೊದಲೇ ಬಲ್ಲರು. ಮುಂದೆ ಡಾ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಆ ಸಮಿತಿ ವಚನಗಳನ್ನು ದೇಶದ ಹಲವು ಭಾಷೆಗಳಿಗೆ ಒಯ್ದಿತು.

ವಿಸರ್ಜನೆಯ ಕತೆ ಮಾತ್ರ 1977ಕ್ಕೆ ಮುಗಿಯಲಿಲ್ಲ. 1980ರ ಫೆಬ್ರವರಿಯಲ್ಲಿ ಮತ್ತೆ ಒಂಬತ್ತು ಸಭೆಗಳು ಹೋದವು, ಈ ಸಲ ಎದುರು ಪಕ್ಷದವು. 1989ರ ಏಪ್ರಿಲ್‌ನಲ್ಲಿ ಧಾರವಾಡ ಜಿಲ್ಲೆಯವರೇ ಆದ ಎಸ್. ಆರ್. ಬೊಮ್ಮಾಯಿಯವರ ಸರಕಾರ ಸದನದಲ್ಲಿ ಬಲ ಪರೀಕ್ಷಿಸದೆ ವಜಾಗೊಂಡಿತು. ಯಮನೂರಿನ ರೈತನು ಬಿಸಿಲಲ್ಲಿ ಸಾಲು ನಿಂತು ಹಾಕಿದ ಮತವೂ ಅಂದು ಆ ಸಭೆಯೊಡನೆ ರದ್ದಾಯಿತು. ಬಹುಮತದ ನಿರ್ಣಯ ಸದನದಲ್ಲೇ ಆಗತಕ್ಕದ್ದು ಎಂದು ಒಂಬತ್ತು ನ್ಯಾಯಾಧೀಶರ ಪೀಠ ಹೇಳಿದ್ದು 1994ರ ಮಾರ್ಚ್ 11ರಂದು. ಆಗ ಜತ್ತಿಯವರು ಇನ್ನೂ ಬದುಕಿದ್ದರು.