ಕುಂಬಾಗುವ ಮೊದಲಿನ ಮಾವು

ಮೇ ಕೊನೆಯ ಗಾಳಿಗೆ ಹೂಡೆಯಲ್ಲಿ ಮಾವಿನ ಮರವೊಂದು ಬಿದ್ದರೆ ಅದಕ್ಕಿರುವ ದಾರಿ ಮೂರೇ: ಚಿತೆ, ಬಚ್ಚಲೊಲೆ, ಇಲ್ಲವೇ ಸೆಂಟ್ರಿಂಗ್ ಹಲಗೆ. ಮಳೆ ಹಿಡಿಯುವ ಮೊದಲು ಸಾಗಿಸದಿದ್ದರೆ ಸೋಣ ತಿಂಗಳು ಕಳೆಯುವಷ್ಟರಲ್ಲಿ ಅದು ಕುಂಬು ಎಂಬುದು ಎಲ್ಲರ ಲೆಕ್ಕ. ಆ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಆದರೆ ಹಸಿ ಮರಕ್ಕೂ ಕುಂಬಾದ ಮರಕ್ಕೂ ನಡುವೆ ಕೆಲವು ವಾರಗಳಿವೆ. ಮಲಗುವ ಕೋಣೆಯ ಮಂಚಕ್ಕೆ ಬೇಕಾದ ಅತಿ ಚೆಂದದ ಹಲಗೆ ಸಿಗುವುದು ಆ ವಾರಗಳಲ್ಲೇ.

ಮರಗೆಲಸದವರು ಹೊರದೇಶಗಳಲ್ಲಿ ಇದನ್ನು ಸ್ಪಾಲ್ಟಿಂಗ್ ಎನ್ನುತ್ತಾರೆ. ಬಿದ್ದ ಮರದೊಳಗೆ ಶಿಲೀಂಧ್ರ ಹೊಕ್ಕು ಬರೆದ ಚಿತ್ತಾರ ಅದು. ಮರ ತಿನ್ನುವ ಅಣಬೆಗಳಲ್ಲಿ ಒಂದು ಬಗೆಯವು ಮರಕ್ಕೆ ಕಂದು ಬಣ್ಣ ಮತ್ತು ಗಡಸುತನ ಕೊಡುವ ಲಿಗ್ನಿನ್ ಅನ್ನು ಕರಗಿಸುತ್ತವೆ. ಅವು ಓಡಾಡಿದ ಜಾಗ ಬೆಳ್ಳಗಾಗುತ್ತದೆ. ಇನ್ನೊಂದು ಬಗೆಯವು ನಾರನ್ನೇ ತಿಂದು, ಮರವನ್ನು ಒಣಗಿದ ಗದ್ದೆಯಂತೆ ಚೌಕ ಚೌಕವಾಗಿ ಬಿರಿಸುತ್ತವೆ. ಎರಡನೆಯದು ಹೊಕ್ಕರೆ ಆಸೆ ಬಿಡಬೇಕು. ಮೊದಲನೆಯದು ಹೊಕ್ಕರೆ ಕಾಯಬೇಕು. ಏಕೆಂದರೆ ಒಂದೇ ದಿಮ್ಮಿಗೆ ಎರಡು ಅಣಬೆಗಳು ಬಂದು ಎದುರಾದಾಗ ಪ್ರತಿಯೊಂದೂ ತನ್ನ ಗಡಿಗೆ ಕಪ್ಪು ಗೋಡೆ ಕಟ್ಟಿಕೊಳ್ಳುತ್ತದೆ. ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಬಳಗದ ವಸ್ತುವೇ ಆ ಗೋಡೆಗೂ ಗಾರೆ.

ಹಲಗೆಯ ಮೇಲೆ ಕಾಣುವ ಕಪ್ಪು ಗೆರೆ ಗೆರೆಯಲ್ಲ, ಗೋಡೆಯ ಅಂಚು. ಇದನ್ನು ಅರ್ಥ ಮಾಡಿಕೊಂಡ ಮೇಲೆ ನಾನು ಮಿಲ್ಲಿನಲ್ಲಿ ದಿಮ್ಮಿ ಕೊಯ್ಯಿಸುವ ಕ್ರಮವೇ ಬದಲಾಯಿತು. ಗೋಡೆಗಳು ದಿಮ್ಮಿಯ ಉದ್ದಕ್ಕೆ ನಿಂತಿರುತ್ತವೆ. ಅಡ್ಡ ಕೊಯ್ದರೆ ಸಣ್ಣ ಸಣ್ಣ ಕೋಟೆಗಳು ಕಾಣುತ್ತವೆ. ಉದ್ದಕ್ಕೆ ನಡುವಿನಿಂದ ಸೀಳಿದರೆ ಸ್ವರ್ಣಾ ಹೊಳೆ ಕೋಡಿಬೆಂಗ್ರೆಯಲ್ಲಿ ಸಮುದ್ರ ಸೇರುವ ಮೊದಲು ಕುದ್ರುಗಳನ್ನು ಬಳಸಿ ಹರಿಯುವಂತೆ ಗೆರೆಗಳು ಹರಿಯುತ್ತವೆ. ಸಿಪ್ಪೆಗೆ ಹತ್ತಿರದಲ್ಲಿ ಸವರಿದಂತೆ ಸೀಳಿದರೆ ಗೋಡೆಯ ಮೈಯೇ ಸಿಕ್ಕಿ ದೊಡ್ಡ ಕಪ್ಪು ಮಚ್ಚೆಗಳು ಬೀಳುತ್ತವೆ. ಮಂಚದ ತಲೆದೆಸೆಯ ಹಲಗೆಗೆ ನಾನು ಸದಾ ನಡುವಿನ ಸೀಳನ್ನೇ ಆರಿಸುತ್ತೇನೆ.

ಮಾವು ಬೇಗ ಒಲಿಯುವ ಮರ. ಅದರ ಮೈಯಲ್ಲಿ ಹಿಟ್ಟು, ಸಕ್ಕರೆ ಜಾಸ್ತಿ. ಅಣಬೆಗೆ ಅದೇ ಊಟ. ಹಲಸಿನ ಹೊರಗಿನ ಬಿಳಿಯಲ್ಲೂ ಚಿತ್ತಾರ ಬರುತ್ತದೆ, ಹಳದಿ ಚೇಗಿಗೆ ಮಾತ್ರ ಅಣಬೆ ಸುಲಭಕ್ಕೆ ಬಾಯಿ ಹಾಕುವುದಿಲ್ಲ. ತೇಗದ ಚೇಗು, ಕಿರಾಲುಬೋಗಿ ಇವುಗಳನ್ನು ಮಳೆಗೆ ಬಿಟ್ಟು ಕಾಯುವುದು ವ್ಯರ್ಥ.

ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಉಡುಪಿಯಲ್ಲಿ ಅಣಬೆಯನ್ನು ಕರೆಯಬೇಕಾಗಿಲ್ಲ. ಮರದಲ್ಲಿ ಶೇ. 30ಕ್ಕಿಂತ ಹೆಚ್ಚು ತೇವ, ಹಿತವಾದ ಸೆಕೆ, ಗಾಳಿ, ಇಷ್ಟಿದ್ದರೆ ಸಾಕು. ಗಾಳಿಯನ್ನು ಮರೆಯಬಾರದು. ನಮ್ಮ ಹಿರಿಯರು ದಿಮ್ಮಿಯನ್ನು ಕೆರೆಯಲ್ಲೋ ಹೊಳೆಯ ಉಪ್ಪುನೀರಿನಲ್ಲೋ ಮುಳುಗಿಸಿಡುತ್ತಿದ್ದುದು ಕುಟ್ಟೆ ಹುಳ ಹಿಡಿಯಬಾರದೆಂದು. ಮುಳುಗಿದ ಮರಕ್ಕೆ ಅಣಬೆಯೂ ಬರುವುದಿಲ್ಲ, ಅಲ್ಲಿ ಅದಕ್ಕೆ ಉಸಿರಿಲ್ಲ. ಚಿತ್ತಾರ ಬೇಕಾದವರು ದಿಮ್ಮಿಯನ್ನು ಸಿಪ್ಪೆ ಸಮೇತ ನೆರಳಿನ ಮಣ್ಣಿನ ಮೇಲೆ ಮಲಗಿಸಿ, ತರಗೆಲೆ ಮುಚ್ಚಿ, ನೀರು ನಿಲ್ಲದಂತೆ ನೋಡಿಕೊಂಡರೆ ಆಯಿತು.

ಕಷ್ಟವಿರುವುದು ನಿಲ್ಲಿಸುವುದರಲ್ಲಿ. ಮೊದಲ ಸಲ ನಾನು ದೀಪಾವಳಿಯವರೆಗೆ ಬಿಟ್ಟೆ. ಸಿಪ್ಪೆ ಎಳೆದರೆ ಕೆಳಗಿನ ಮರವೂ ನೆನೆದ ರಟ್ಟಿನಂತೆ ಜೊತೆಗೇ ಬಂತು. ಅಂಥ ಗೆರೆಗಳನ್ನು ಆಮೇಲೆ ನಾನು ಕಂಡಿಲ್ಲ, ಅವನ್ನು ಹಿಡಿದಿಡಲು ಮರವೇ ಉಳಿದಿರಲಿಲ್ಲ. ಈಗ ಆಟಿ ತಿಂಗಳ ನಡುವಿನಿಂದಲೇ ವಾರಕ್ಕೊಮ್ಮೆ ನೋಡುತ್ತೇನೆ. ದಿಮ್ಮಿಯ ತುದಿಯಲ್ಲಿ ಬಿಳಿ ನೂಲು ಕಾಣಬೇಕು. ಕೊಡತಿಯಲ್ಲಿ ಬಡಿದರೆ ಸದ್ದು ಇನ್ನೂ ಠಣ್ ಎನ್ನಬೇಕು. ದಪ್ ಎಂದರೆ ತಡವಾಯಿತು. ತುದಿಯಿಂದ ಒಂದು ಬಿಲ್ಲೆ ಕೊಯ್ದು ಬಿಳಿಯಾದ ಜಾಗಕ್ಕೆ ಉಗುರು ಒತ್ತಿ. ಗುರುತು ಬಿದ್ದು ಅಲ್ಲಿಗೇ ನಿಂತರೆ ಮಿಲ್ಲಿಗೆ ಒಯ್ಯುವ ಹೊತ್ತು. ಉಗುರು ಒಳಗೆ ಇಳಿದರೆ ಒಲೆಗೆ.

ಒಣಗಿಸಲು ಅಡುಗೆಮನೆಯ ಅಟ್ಟಕ್ಕಿಂತ ಒಳ್ಳೆಯ ಜಾಗ ನನಗೆ ಸಿಕ್ಕಿಲ್ಲ. ಒಲೆಯ ಬಿಸಿ, ಹೊಗೆ ಎರಡೂ ಇರುವ ಹಳೆ ಅಟ್ಟ ಉಳಿದಿದ್ದರೆ ಹಲಗೆಗಳ ನಡುವೆ ಸಣ್ಣ ಪಟ್ಟಿ ಇಟ್ಟು ಪೇರಿಸಿ. ಅದಕ್ಕೆ ಮೊದಲು ಬೋರಾಕ್ಸ್, ಬೋರಿಕ್ ಆಸಿಡ್ ಬೆರೆಸಿದ ನೀರು ಬಳಿಯಲೇಬೇಕು. ಅಣಬೆ ನಿಂತರೂ ಕುಟ್ಟೆ ನಿಲ್ಲುವುದಿಲ್ಲ. ತೇವ ಶೇ. 20ಕ್ಕಿಂತ ಕೆಳಗಿಳಿದರೆ ಅಣಬೆ ಕೆಲಸ ಬಿಡುತ್ತದೆ.

ನಮ್ಮ ಮನೆಗೆ ಬರುವ ಆಚಾರ್ರು ಮೊದಲ ಹಲಗೆ ನೋಡಿ ಕೈಗೇ ತೆಗೆದುಕೊಳ್ಳಲಿಲ್ಲ. "ಲಡ್ಡು ಮಾವಿನಲ್ಲಿ ಮಂಚವಾ ಮಾರಾಯ್ರೆ? ನಾಳೆ ಮುರಿದರೆ ನನ್ನ ಹೆಸರು ಹೇಳ್ತಾರೆ" ಎಂದರು. ಅವರ ಮಾತಿನಲ್ಲಿ ಒಂದು ಪರಂಪರೆಯ ವಿವೇಕವಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವುವ ಮನೆಗಳನ್ನು ಬಿಚ್ಚಿ ತಂದು ಮತ್ತೆ ಕಟ್ಟಿದ ಹೆರಿಟೇಜ್ ವಿಲೇಜ್‌ನಲ್ಲಿ ಕಾರ್ಕಳದ ಮಿಯಾರಿನ ಮನೆಯೂ ಇದೆ. ಅಲ್ಲಿಯ ಕಂಬಗಳ ಮುಂದೆ ನಿಂತರೆ ಗೊತ್ತಾಗುತ್ತದೆ: ಬಿಳಿ ಕೆತ್ತಿ ಎಸೆದು ಚೇಗನ್ನಷ್ಟೇ ಉಳಿಸಿಕೊಂಡವರು ಹಿಂದಿನ ಆಚಾರ್ರು. ಭಾರ ಹೊರುವ ಜಾಗದಲ್ಲಿ ಅವರ ಮಾತೇ ನಡೆಯಬೇಕು.

ಹಾಗಾಗಿ ನಾವು ಒಪ್ಪಂದಕ್ಕೆ ಬಂದೆವು. ಕಾಲು, ಪಕ್ಕದ ಪಟ್ಟಿ, ಅಡ್ಡಪಟ್ಟಿ ಎಲ್ಲ ಹಲಸಿನ ಚೇಗು. ತಲೆದೆಸೆ, ಬಟ್ಟೆ ಪೆಟ್ಟಿಗೆಯ ಮುಚ್ಚಳ, ಕಪಾಟಿನ ಬಾಗಿಲ ನಡುವಿನ ಹಲಗೆ ಮಾತ್ರ ಚಿತ್ತಾರದ ಮಾವು. ಅದಕ್ಕೆ ಮೊಳೆ ಹೊಡೆಯದೆ ಚೌಕಟ್ಟಿನಲ್ಲಿ ತೋಡಿದ ಗಾಡಿಯೊಳಗೆ ಕೂರಿಸಿದರು, ಮಳೆಗಾಲಕ್ಕೆ ಉಬ್ಬಿ ಬೇಸಗೆಗೆ ಕುಗ್ಗಲು ಜಾಗ ಬೇಕಲ್ಲ. ಹತ್ತರಿ ಹಾಕುವಾಗ ಇನ್ನೊಂದು ಪಾಠ. ಬಿಳಿ ಮೆತ್ತಗೆ, ಕಪ್ಪು ಗೆರೆ ಗಟ್ಟಿ. ಅಲಗು ಚೂರು ಮೊಂಡಾದರೂ ಮೆತ್ತಗಿನದು ಕಿತ್ತು ಬರುತ್ತದೆ. ಆಚಾರ್ರು ಹತ್ತು ನಿಮಿಷಕ್ಕೊಮ್ಮೆ ಅಲಗು ಮಸೆದರು. ತೀರಾ ಮೆತ್ತಗಿದ್ದ ಕಡೆ ತೆಳು ಎಪಾಕ್ಸಿ ಕುಡಿಸಿದೆವು. ಉಜ್ಜುವಾಗ ಮಾಸ್ಕ್ ತೆಗೆಯಬಾರದು. ಆ ಪುಡಿಯಲ್ಲಿ ಅಣಬೆಯ ಬೀಜಕಗಳೂ ಇರುತ್ತವೆ, ಉಬ್ಬಸ ಇದ್ದವರು ಈ ಕೆಲಸದ ಹತ್ತಿರ ಸುಳಿಯದಿರುವುದೇ ಲೇಸು.

ಬಣ್ಣದ ವಿಷಯದಲ್ಲಿ ನಾನು ಹಟಮಾರಿ. ನಮ್ಮ ಕರಾವಳಿಯ ಗೇರೆಣ್ಣೆ ಪಕ್ಕಾಸಿಗೆ, ದೋಣಿಗೆ ದೊಡ್ಡ ರಕ್ಷೆ. ಮಂಚದ ಅಡಿಗೆ, ಹಿಂಬದಿಗೆ ಅದನ್ನೇ ಬಳಿದಿದ್ದೇನೆ. ಚಿತ್ತಾರದ ಮುಖಕ್ಕೆ ಅದು ಸೋಕಿದರೆ ಎಲ್ಲ ಗೆರೆಯೂ ಒಂದೇ ಕಪ್ಪಾಗುತ್ತದೆ. ಅಲ್ಲಿಗೆ ತೆಳುವಾದ ಅರಗಿನ ಪಾಲಿಶ್ ಸಾಕು. ಐನೂರು ವರ್ಷಗಳ ಹಿಂದೆ ಇಟಲಿಯ ಬಡಗಿಗಳು ಮರದ ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವಾಗ, ಒಂದು ಅಣಬೆಯಿಂದ ಹಸಿರು ಏರಿದ ಮರವನ್ನು ಹುಡುಕಿ ತಂದು ಎಲೆಗೆ, ಗುಡ್ಡಕ್ಕೆ ಕೂರಿಸುತ್ತಿದ್ದರು. ಆ ಹಸಿರು ಇಂದಿಗೂ ಮಾಸಿಲ್ಲ. ಮರ ತಾನಾಗಿ ಪಡೆದ ಬಣ್ಣದ ಮೇಲೆ ಡಬ್ಬಿಯ ಬಣ್ಣ ಬಳಿಯಲು ನನಗೆ ಕೈ ಬರುವುದಿಲ್ಲ.

ಇಂಥ ಮಂಚವನ್ನು ಮುರಕಲ್ಲಿನ ಗೋಡೆಗೆ ತಾಗಿಸಿ ಇಡಬೇಡಿ. ಮಳೆಗಾಲದಲ್ಲಿ ಗೋಡೆ ಬೆವರುತ್ತದೆ. ಒಣಗಿದ ಮರದಲ್ಲಿ ಅಣಬೆ ಸತ್ತೇಹೋಗಿದೆ ಎನ್ನುವಂತಿಲ್ಲ, ತೇವ ಸಿಕ್ಕರೆ ಎದ್ದೀತು. ಒಂದು ಗೇಣು ಬಿಡಿ. ನಮ್ಮ ಮನೆಯ ಮಂಚ ಹಾಗೆಯೇ ನಿಂತು ಮೂರು ಮಳೆಗಾಲ ಕಳೆದಿದೆ. ಆಚಾರ್ರು ಈಗ ಬಂದಾಗಲೆಲ್ಲ ಮೊದಲು ಕೋಣೆಗೆ ಹೋಗಿ ತಲೆದೆಸೆಯ ಹಲಗೆಗೆ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಡುತ್ತಾರೆ, ಆಮೇಲೆ ಚಾ ಕುಡಿಯುತ್ತಾರೆ. ಕಳೆದ ವಾರ ಅವರದೇ ಫೋನು: ಕೆಮ್ಮಣ್ಣು ಕಡೆ ಒಂದು ಮಾವು ಬಿದ್ದಿದೆ, ಸೌದೆಯವರು ನಾಳೆ ಬರುತ್ತಾರಂತೆ, ನಾವು ಇವತ್ತೇ ಹೋಗುವನಾ ಎಂದು.