ಮಳೆ ಬಾರದಿದ್ದರೆ?

ಅಭಿಷೇಕ್ ಶಾ ನಿರ್ದೇಶನದ ಗುಜರಾತಿ ಚಿತ್ರ ‘ಹೆಲ್ಲಾರೊ’ (2019) 1975ರ ಕಚ್ಛ್‌ನ ಕತೆ. ಬರ ಬಿದ್ದ ಹಳ್ಳಿಯಲ್ಲಿ ಗರ್ಬಾ ಗಂಡಸರಿಗೆ ಮಾತ್ರ. ನೀರಿಗೆ ಹೋದ ಹೆಂಗಸರು ಊರಾಚೆ ಕದ್ದು ಕುಣಿಯುತ್ತಾರೆ. 13 ನಟಿಯರಿಗೂ ಒಟ್ಟಾಗಿ ತೀರ್ಪುಗಾರರ ವಿಶೇಷ ರಾಷ್ಟ್ರಪ್ರಶಸ್ತಿ ಬಂದದ್ದು ಸರಿಯೇ. ಇಲ್ಲಿ ನಾಯಕಿಗಿಂತ ಗುಂಪು ದೊಡ್ಡದು.

ಚಿತ್ರಕ್ಕೆ ಮುನ್ನ ನಾವು ಐವರು ಗೆಳತಿಯರು ನವರಂಗಪುರದಲ್ಲಿ ಥಾಲಿ ಉಂಡೆವು. ನಡುವೆ ಇಬ್ಬರು ಮನೆಗೆ ಫೋನ್ ಮಾಡಿ, ಸಾರು ಎಲ್ಲಿಟ್ಟಿದ್ದೇವೆಂದು ಹೇಳಿದರು. ಹಾಗಾಗಿ ಆ ಕದ್ದ ಕುಣಿತ ನಮಗೆ ಹಳೇ ಕಾಲದ್ದೆನಿಸಲಿಲ್ಲ.

ಕೊನೆಗೆ ಮಳೆ ಸುರಿದು ಗಂಡಸರ ಕೈ ಕಟ್ಟಿಹಾಕುತ್ತದೆ. ಕಣ್ಣಿಗೆ ಹಬ್ಬ, ನಿಜ. ಆದರೆ ಹೆಣ್ಣಿನ ಕುಣಿತ ತಪ್ಪಲ್ಲವೆನ್ನಲು ಮಳೆಯ ಸಾಕ್ಷಿ ಯಾಕೆ ಬೇಕು? ಮಳೆ ಬಾರದಿದ್ದರೂ ಅವರು ಕುಣಿಯಬಹುದಿತ್ತು ಎಂದು ಚಿತ್ರ ಹೇಳಬೇಕಿತ್ತು.