ಶೈಕ್ಷಣಿಕ ತಂತ್ರಜ್ಞಾನದ ಚರಿತ್ರೆ: ಒಂದು ವಿಮರ್ಶೆ

ಒಂದು ಶಾಸ್ತ್ರವು ತನ್ನ ಚರಿತ್ರೆಯನ್ನು ತಾನೇ ಬರೆದುಕೊಂಡಾಗ ಅದನ್ನು ಪರೀಕ್ಷಿಸುವ ಹೊಣೆ ಚರಿತ್ರೆಯ ಅಭ್ಯಾಸಿಗಳ ಪಾಲಿಗೆ ಬರುತ್ತದೆ. ಶೈಕ್ಷಣಿಕ ತಂತ್ರಜ್ಞಾನವು ಇಂದು ಒಂದು ಅಧ್ಯಯನ ವಿಷಯವೂ ಹೌದು, ಅನೇಕರ ವೃತ್ತಿಯೂ ಹೌದು; ನಮ್ಮ ಬಿ.ಎಡ್. ತರಗತಿಗಳಲ್ಲಿ ಅದಕ್ಕೆ ಸ್ಥಾನವುಂಟು. ಅದರ ಪೂರ್ವಕಥೆಯನ್ನು ವಿಸ್ತಾರವಾಗಿ ನಿರೂಪಿಸಿದವರಲ್ಲಿ ಪಾಲ್ ಸೆಟ್ಲರ್ ಪ್ರಮುಖರು. ಅವರ 1968ರ ಗ್ರಂಥವೂ, 1990ರಲ್ಲಿ ಹೊರಬಂದ ‘ದಿ ಎವೊಲ್ಯೂಷನ್ ಆಫ್ ಅಮೆರಿಕನ್ ಎಜುಕೇಷನಲ್ ಟೆಕ್ನಾಲಜಿ’ ಎಂಬ ಬೃಹದ್ಗ್ರಂಥವೂ ಅಪಾರ ಪರಿಶ್ರಮದ ಫಲಗಳು. ಆದರೆ ಆ ಚರಿತ್ರೆ ಯಾವ ತಳಹದಿಯ ಮೇಲೆ ನಿಂತಿದೆಯೆಂಬುದು ವಿಚಾರಾರ್ಹವಾಗಿದೆ.

ಸೆಟ್ಲರ್ ಅವರ ನಿರೂಪಣೆ ಪ್ರಾಚೀನ ಗ್ರೀಸಿನ ಸೋಫಿಸ್ಟರಿಂದ ಆರಂಭವಾಗುತ್ತದೆ. ಅಲ್ಲಿಂದ ಅಬೆಲಾರ್ಡ್, ಕೊಮೀನಿಯಸ್, ಪೆಸ್ಟಲಾಟ್ಸಿ, ಲ್ಯಾಂಕಾಸ್ಟರ್ ಇವರೆಲ್ಲರೂ ಸಾಲಾಗಿ ಬಂದು ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಸಮಾವೇಶಗೊಳ್ಳುತ್ತಾರೆ. ಶಾಸನಗಳನ್ನು ಓದಿದವರಿಗೆ ಈ ಕ್ರಮ ಹೊಸದಲ್ಲ. ಕಲ್ಯಾಣದ ಚಾಲುಕ್ಯರು ತಮ್ಮನ್ನು ಚಂದ್ರವಂಶದವರೆಂದು ಹೇಳಿಕೊಂಡರು. ಹೊಯ್ಸಳರು ಯದುಕುಲದವರೆಂದು ಸಾರಿದರು. ಇಂತಹ ಪ್ರಶಸ್ತಿಗಳು ಮೂಲಪುರುಷನ ವಿಷಯವಾಗಿ ಏನನ್ನೂ ತಿಳಿಸಲಾರವು. ಅದನ್ನು ಬರೆಯಿಸಿದ ಕಾಲದಲ್ಲಿ ಆ ಮನೆತನಕ್ಕೆ ಎಂತಹ ಗೌರವ ಬೇಕಾಗಿತ್ತೆಂಬುದನ್ನು ಮಾತ್ರ ಸ್ಪಷ್ಟವಾಗಿ ತಿಳಿಸುತ್ತವೆ.

ಈ ವೃತ್ತಿಗೆ ಅಂತಹ ಗೌರವ ಏಕೆ ಬೇಕಾಯಿತು? ಅಮೆರಿಕದ ರಾಷ್ಟ್ರೀಯ ಶಿಕ್ಷಣ ಸಂಘದಲ್ಲಿ 1923ರಲ್ಲಿ ದೃಶ್ಯಬೋಧನೆಯ ವಿಭಾಗವೊಂದು ಏರ್ಪಟ್ಟಿತು. 1947ರಲ್ಲಿ ಅದು ದೃಕ್‌ಶ್ರವಣ ಬೋಧನೆಯ ವಿಭಾಗವೆನಿಸಿತು. 1970ರಲ್ಲಿ ಮತ್ತೆ ಹೆಸರು ಬದಲಾಗಿ ಶೈಕ್ಷಣಿಕ ಸಂವಹನ ಮತ್ತು ತಂತ್ರಜ್ಞಾನದ ಸಂಘವಾಯಿತು. ಪ್ರೊಜೆಕ್ಟರನ್ನು ಹೊತ್ತು ತರಗತಿಯಿಂದ ತರಗತಿಗೆ ಹೋಗುವವನಾಗಿ ಕಾಣುತ್ತಿದ್ದವನು ಬೋಧನೆಯ ಯೋಜಕನೆಂದು ಗಣಿಸಲ್ಪಡಬೇಕಾಗಿತ್ತು. ಹೆಸರುಗಳ ಜೊತೆಗೆ ಲಕ್ಷಣನಿರೂಪಣೆಯೂ ಬದಲಾಗುತ್ತ ಬಂತು: 1963, 1972, 1977, 1994, 2008. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಒತ್ತಟ್ಟಿಗಿಟ್ಟು ನೋಡಬೇಕು. 1963ರ ನಿರೂಪಣೆಯಲ್ಲಿ ಕಲಿಕೆಯನ್ನು ನಿಯಂತ್ರಿಸುವ ಮಾತಿತ್ತು. 2008ರದರಲ್ಲಿ ಕಲಿಕೆಗೆ ಅನುವು ಮಾಡಿಕೊಡುವ ಮಾತು ಬಂದಿದೆ, ನೀತಿಯ ಮಾತೂ ಸೇರಿದೆ. ನಿಯಂತ್ರಣದಿಂದ ಅನುಕೂಲಕ್ಕೆ ಇಳಿದುಬಂದ ಈ ಹಾದಿಯೇ ಈ ಶಾಸ್ತ್ರದ ನಿಜವಾದ ಚರಿತ್ರೆಯೆಂದು ನಮ್ಮ ಅಭಿಪ್ರಾಯ. ಅದು ಸೋಫಿಸ್ಟರ ಕಾಲಕ್ಕೆ ಹೋಗುವುದಿಲ್ಲ.

ಯಂತ್ರಗಳ ಕಥೆಯನ್ನು ಇಲ್ಲಿ ದೀರ್ಘವಾಗಿ ಹೇಳಬೇಕಾದ್ದಿಲ್ಲ. ಶಾಲೆಗಳಲ್ಲಿ ಪುಸ್ತಕಗಳು ಬೇಗನೆ ಬಳಕೆ ತಪ್ಪುವುವೆಂದು ಎಡಿಸನ್ 1913ರಲ್ಲಿ ಚಲಚ್ಚಿತ್ರವನ್ನು ನಂಬಿ ನುಡಿದನು. ಪ್ರೆಸ್ಸಿಯು 1926ರಲ್ಲಿ ತನ್ನ ಪರೀಕ್ಷಾಯಂತ್ರವನ್ನು ಕುರಿತು ಬರೆದನು. ಸ್ಕಿನ್ನರನ ಬೋಧನಯಂತ್ರದ ಲೇಖನ 1958ರದು. ಲ್ಯಾರಿ ಕ್ಯೂಬನ್ ಅವರು 1986ರ ‘ಟೀಚರ್ಸ್ ಅಂಡ್ ಮೆಷೀನ್ಸ್’ ಗ್ರಂಥದಲ್ಲಿ ಚಲಚ್ಚಿತ್ರ, ರೇಡಿಯೋ, ಟೆಲಿವಿಷನ್ ಇವುಗಳ ವಿಷಯದಲ್ಲಿ ಒಂದೇ ಬಗೆಯ ಆವರ್ತನವನ್ನು ತೋರಿಸಿದ್ದಾರೆ: ಮೊದಲು ಭರವಸೆ, ಆಮೇಲೆ ಪ್ರಯೋಗ, ಅನಂತರ ನಿರಾಶೆ, ಕಡೆಗೆ ಉಪಾಧ್ಯಾಯನ ಮೇಲೆ ದೋಷಾರೋಪ. ತರಗತಿಯ ಹೊರಗೆ ನಿರ್ಣಯವಾದ ಸಾಧನವನ್ನು ಉಪಾಧ್ಯಾಯನು ತನ್ನ ವೇಳೆಗೂ ಮಕ್ಕಳ ಸಂಖ್ಯೆಗೂ ಹೊಂದಿಸಿ ನೋಡಿ, ಉಪಯೋಗಕ್ಕೆ ಬಂದಷ್ಟನ್ನು ಇಟ್ಟುಕೊಳ್ಳುತ್ತಾನೆಂಬ ಅವರ ವಾದ ಸೆಟ್ಲರ್ ಅವರ ವಂಶಾವಳಿಗಿಂತ ಹೆಚ್ಚು ಬೆಳಕು ನೀಡುತ್ತದೆ. ಆದರೂ ಅವರ ದೃಷ್ಟಿ ಅಮೆರಿಕದ ಶಾಲೆಯಿಂದಾಚೆಗೆ ಹೋಗಿಲ್ಲ. ಉಪಾಧ್ಯಾಯನಿಗೆ ಸಾಧನವನ್ನು ಬದಿಗಿಡುವ ಸ್ವಾತಂತ್ರ್ಯವೇ ಇಲ್ಲದ ಕಡೆ ಏನಾಗುತ್ತದೆ?

ಇದಕ್ಕೆ ಉತ್ತರವನ್ನು ನಮ್ಮ ನಾಡಿನಲ್ಲಿಯೇ ಹುಡುಕಬಹುದು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ಉಪಗ್ರಹ ಟೆಲಿವಿಷನ್ ಪ್ರಯೋಗವು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಅಂದಿನ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿ ಸೇರಿದ್ದುವು. ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ದೊರೆತ ಉಪಗ್ರಹ, ಹಳ್ಳಿಯಲ್ಲಿ ಸುಮಾರು 10 ಅಡಿ ಅಗಲದ ತಂತಿಬಲೆಯ ಆಂಟೆನಾ, ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷಗಳ ಕಾರ್ಯಕ್ರಮ. ಇದನ್ನು ಉಪಗ್ರಹದ ವಿಜಯವೆಂದು ವರ್ಣಿಸುವುದು ವಾಡಿಕೆ. ಆದರೆ ಅಂದಿನ ಮೌಲ್ಯಮಾಪನದಲ್ಲಿ ಮಕ್ಕಳ ಶಾಲಾಪಾಠದ ಸಾಧನೆ ಗಮನಾರ್ಹವಾಗಿ ಏರಿದ್ದು ಕಂಡುಬರಲಿಲ್ಲ. ಭಾಷೆಯ ಬೆಳವಣಿಗೆಯಲ್ಲಿ ಒಳಿತು ಕಾಣಿಸಿತು. ಇದಕ್ಕಿಂತ ಮುಖ್ಯವಾದುದು ಅದೇ ವರ್ಷ ಪ್ರಾಥಮಿಕ ಶಾಲೆಯ ಉಪಾಧ್ಯಾಯರಿಗೆ ನಡೆದ ವಿಜ್ಞಾನ ಶಿಬಿರಗಳು. ಅಲ್ಲಿ ಟೆಲಿವಿಷನ್ ಒಂದು ಅಂಗಮಾತ್ರವಾಗಿದ್ದು, ರೇಡಿಯೋ, ಮುದ್ರಿತ ಪಾಠ, ಕೈಯಾರೆ ಮಾಡುವ ಪ್ರಯೋಗ, ಎದುರಿಗೆ ನಿಂತು ನಡೆಸಿಕೊಡುವ ಮಾರ್ಗದರ್ಶಕ ಇವೆಲ್ಲವೂ ಕೂಡಿದ್ದುವು. ಮಕ್ಕಳ ಕಾರ್ಯಕ್ರಮದಲ್ಲಿ ಉಪಾಧ್ಯಾಯನು ಪ್ರೇಕ್ಷಕ. ಶಿಬಿರದಲ್ಲಿ ಅವನೇ ಕರ್ತೃ. ಒಂದೇ ಉಪಗ್ರಹದ ಕೆಳಗೆ ನಡೆದ ಈ ಎರಡು ಕಾರ್ಯಗಳನ್ನು ಬೇರ್ಪಡಿಸದೆ ‘ಸೈಟ್ ಫಲಿಸಿತೆ, ಇಲ್ಲವೆ’ ಎಂದು ಕೇಳುವುದು ವ್ಯರ್ಥ.

ಮಾಧ್ಯಮವು ಕೇವಲ ವಾಹನ, ಕಲಿಸುವುದು ಬೋಧನಕ್ರಮವೇ ಎಂದು ರಿಚರ್ಡ್ ಕ್ಲಾರ್ಕ್ 1983ರಲ್ಲಿ ವಾದಿಸಿದರು. ಕೋಜ್ಮಾ 1991ರಲ್ಲಿ ಮಾಧ್ಯಮದ ಪಕ್ಷವನ್ನು ವಹಿಸಿದರು. ಈ ವಿವಾದವು ಸ್ವಾರಸ್ಯವಾದುದಾದರೂ, ಸಾಧನವನ್ನು ಯಾರು ಆರಿಸುತ್ತಾರೆಂಬ ನಮ್ಮ ಪ್ರಶ್ನೆಯನ್ನು ಅದು ಮುಟ್ಟುವುದಿಲ್ಲ.

ಮದರಾಸಿನ ಉದಾಹರಣೆಯೊಂದನ್ನು ಗಮನಿಸಬಹುದು. ಅಲ್ಲಿನ ಅನಾಥಾಲಯದ ಮೇಲ್ವಿಚಾರಕನಾಗಿದ್ದ ಆಂಡ್ರೂ ಬೆಲ್, ದೇಶೀಯ ಶಾಲೆಯ ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದುವುದನ್ನು ಕಂಡು, ಮಕ್ಕಳಿಂದಲೇ ಮಕ್ಕಳಿಗೆ ಪಾಠ ಹೇಳಿಸುವ ತನ್ನ ಪದ್ಧತಿಯಲ್ಲಿ ಅದನ್ನು ಸೇರಿಸಿಕೊಂಡು, 1797ರಲ್ಲಿ ಇಂಗ್ಲೆಂಡಿನಲ್ಲಿ ಪ್ರಕಟಿಸಿದನು. ನಮ್ಮ ಕೂಲಿಮಠಗಳಲ್ಲಿಯೂ ಮರಳ ಮೇಲಿನ ಬರಹವಿತ್ತು. ಬೆಲ್, ಲ್ಯಾಂಕಾಸ್ಟರ್ ಇವರ ಹೆಸರುಗಳು ಚರಿತ್ರೆಯಲ್ಲಿ ನಿಂತುವು. ಮರಳು ಹರಡಿದ ಅಯ್ಯನವರ ಹೆಸರನ್ನು ಬರೆದಿಟ್ಟವರಿಲ್ಲ.

‘ಸೈಟ್’ ವಿಷಯದಲ್ಲಿ ಈ ಲೋಪವನ್ನು ಈಗಲೂ ಸ್ವಲ್ಪಮಟ್ಟಿಗೆ ತುಂಬಬಹುದು. ಶಾಲೆಗಳ ಹಾಜರಿ ಪುಸ್ತಕಗಳು, ತನಿಖಾಧಿಕಾರಿಗಳ ವರದಿಗಳು, ಶಿಬಿರದಲ್ಲಿ ಹಂಚಿದ ಮುದ್ರಿತ ಪಾಠಗಳು ಉಳಿದಿರುವೆಡೆ ಅವನ್ನು ಸಂಗ್ರಹಿಸಬೇಕು. 1975ರಲ್ಲಿ ಇಪ್ಪತ್ತೈದರ ಹರೆಯದಲ್ಲಿದ್ದ ಉಪಾಧ್ಯಾಯರಿಗೆ ಈಗ ಎಪ್ಪತ್ತೈದು ತುಂಬಿದೆ. ಪೆಟ್ಟಿಗೆಯನ್ನು ತೆರೆದವರು ಯಾರು, ಅದು ಕೆಟ್ಟಾಗ ಏನು ಮಾಡಿದರು, ಇಪ್ಪತ್ತೆರಡೂವರೆ ನಿಮಿಷ ಮುಗಿದ ಮೇಲೆ ಮಕ್ಕಳಿಗೆ ಏನು ಹೇಳಿದರು ಎಂಬುದನ್ನು ಅವರಿಂದಲೇ ಕೇಳಿ ಬರೆದುಕೊಳ್ಳಬೇಕಾಗಿದೆ.